ನಡುವಿನ ನೊಗಕ್ಕೆ ಕಟ್ಟಿದ ಬಾಯ್ಲರ್

ಪೊಟ್ಲಾಕೊ ಚಿನ್ನದ ಗಣಿಯಿಂದ ವಾಪಸು ಬಂದಾಗ ಅವನ ಎದೆ ತೂತು ಬಿದ್ದ ತಿದಿಯ ಹಾಗೆ ಸದ್ದು ಮಾಡುತ್ತಿತ್ತು. ಹದಿನಾರು ವರ್ಷ ನೆಲದಡಿ ಕಲ್ಲಿನ ಪುಡಿ ಕುಡಿದ ಎದೆ. ನಮ್ಮ ಗುಡ್ಡದ ಮೇಲಿನ ಮಿಷನ್ ಆಸ್ಪತ್ರೆಯ ಡಾಕ್ಟರು ಅವನ ಬೆನ್ನಿಗೆ ಕಿವಿ ಕೊಟ್ಟು ಬಹಳ ಹೊತ್ತು ಕೇಳಿದರು. ಒಗೆದ ಹಾಸುಬಟ್ಟೆಗಳನ್ನು ಕೊಡಲು ಹೋದವಳು ನಾನು ಬಾಗಿಲಲ್ಲೇ ನಿಂತಿದ್ದೆ.

"ಚಳಿಗಾಳೀಲಿ ದನ ಕಾಯ್ಕೊಂಡಿರ್ತೀನಿ ಅಂದ್ರೆ ಇದೊಂದು ಚಳಿಗಾಲ ಕಳೀಬಹುದು, ಅಷ್ಟೆ" ಅಂದರು ಡಾಕ್ಟರು. "ಬಾಯ್ಲರ್ ಮನೇಲಿ ಜಾಗ ಖಾಲಿ ಇದೆ. ಕಲ್ಲಿದ್ದಲ ಧೂಳು ನಿನಗೆ ಒಳ್ಳೇದಲ್ಲ, ಆದ್ರೆ ಚಳಿ ಅದಕ್ಕಿಂತ ಕೆಟ್ಟದ್ದು. ಮೂಗಿಗೆ ಒದ್ದೆ ಬಟ್ಟೆ ಕಟ್ಕೊ. ಹಗಲೂ ರಾತ್ರಿ ಬೆಚ್ಚಗಿದ್ರೆ ಹತ್ತು ವರ್ಷ ಬದುಕ್ತೀಯ."

ಹೀಗೆ ಪೊಟ್ಲಾಕೊ ಬಾಯ್ಲರಿನವನಾದ. ಬಾಯ್ಲರ್ ಮನೆಯ ಪಕ್ಕದಲ್ಲೇ ಅವನಿಗೊಂದು ಕೋಣೆ ಕೊಟ್ಟರು. ಗೋಡೆ ಸದಾ ಬೆಚ್ಚಗಿರುವ ಕೋಣೆ. ಅವನ ಹೆಂಡತಿ ಮೇಲಿನ ಹಳ್ಳಿಯಲ್ಲಿ ಮನೆ, ಹೊಲ ನೋಡಿಕೊಂಡಿದ್ದಳು. ಬೇಸಿಗೆಯಲ್ಲಿ ಇವನು ಹೋಗಿ ಬರುತ್ತಿದ್ದ. ನಮ್ಮ ಗುಡ್ಡಗಳಲ್ಲಿ ಚಳಿಗಾಲ ಶುರುವಾಗುವ ಮೇ ತಿಂಗಳು ಕಾಲಿಟ್ಟರೆ ಆಸ್ಪತ್ರೆಯ ಗೇಟು ದಾಟುತ್ತಿರಲಿಲ್ಲ.

ಅಲ್ಲಿ ಮೂರು ಬಾಯ್ಲರ್‌ಗಳಿದ್ದವು. ಮೂರೂ ಕಲ್ಲಿದ್ದಲಿನವು. ಮೂರೂ ಸೇರಿ ಒಂದೇ ಟ್ಯಾಂಕಿನ ನೀರು ಕಾಯಿಸಬೇಕು. ಆ ಟ್ಯಾಂಕಿನಿಂದಲೇ ವಾರ್ಡುಗಳಿಗೆ, ಬಾಣಂತಿಯರ ಕೋಣೆಗೆ, ಅಡುಗೆಮನೆಗೆ, ನಾವು ನಾಲ್ಕು ಜನ ಹೆಂಗಸರು ಬಟ್ಟೆ ಒಗೆಯುವ ಮನೆಗೆ ನೀರು ಹೋಗಬೇಕು. ಟ್ಯಾಂಕಿನ ಬಿಸಿ ತೋರಿಸುವ ಮುಳ್ಳು ಅರವತ್ತು ಡಿಗ್ರಿಯಲ್ಲಿ ನಿಲ್ಲಬೇಕು ಅಂತ ಡಾಕ್ಟರ ಕಟ್ಟಪ್ಪಣೆ. ಬಹಳ ಇಳಿದರೆ ನಿಂತ ನೀರಿನಲ್ಲಿ ಎದೆರೋಗದ ಹುಳ ಹುಟ್ಟುತ್ತದಂತೆ. ಬಹಳ ಏರಿದರೆ ಚರ್ಮ ಸುಲಿಯುತ್ತದೆ. ಆಸ್ಪತ್ರೆಯ ಕೊನೆಯಲ್ಲಿದ್ದ ಬಾಣಂತಿಯರ ಕೋಣೆಗೆ ಆ ಅರವತ್ತು ತಲುಪುವಷ್ಟರಲ್ಲಿ ಉದ್ದದ ಪೈಪಿನಲ್ಲಿ ತಣಿದು ಎಳೆಗೂಸಿಗೆ ಹಿತವಾಗುವ ಹದಕ್ಕೆ ಬರುತ್ತಿತ್ತು.

ಗಣಿಗೆ ಹೋಗುವ ಮುಂಚೆ ಪೊಟ್ಲಾಕೊ ಆರೆತ್ತಿನ ನೇಗಿಲು ಹೂಡಿದವನು. ಬಾಯ್ಲರುಗಳನ್ನು ಅವನು ಎತ್ತುಗಳು ಅಂತಲೇ ಕಂಡ. ಮೊದಲನೆಯದು ಕೆಂದ, ನಡುವಿನದು ಮಚ್ಚೆ, ಕೊನೆಯದು ಕರಿಯ. ಕೆಂದ ಯಾವಾಗಲೂ ಉರಿಯುತ್ತಿರಬೇಕು. ಮುಳ್ಳು ಐವತ್ತೈದಕ್ಕೆ ಇಳಿದರೆ ಮಚ್ಚೆಯನ್ನು ಎಬ್ಬಿಸಬೇಕು. ಐವತ್ತಕ್ಕೆ ಇಳಿದರೆ ಕರಿಯನನ್ನೂ. ನಮ್ಮ ಕಡೆ ಎತ್ತನ್ನು ಹಾಡಿ ಹೊಗಳುತ್ತಾರಲ್ಲ, ಹಾಗೆ ಸಲಿಕೆ ಎತ್ತುವಾಗ ಅವುಗಳನ್ನು ಹೊಗಳುತ್ತಿದ್ದ. ಉಸಿರು ಸಾಲದೆ ಹಾಡು ನಡುನಡುವೆ ನಿಲ್ಲುತ್ತಿತ್ತು.

"ಬೆಂಕಿ ಹಾಕೋದು ಯಾರಿಗಾದ್ರೂ ಬರುತ್ತೆ ಅಕ್ಕ. ನಿಲ್ಸೋದು ಬರಬೇಕು" ಅನ್ನುತ್ತಿದ್ದ ನನಗೆ. "ಕಲ್ಲಿದ್ದಲು ಸಾಕು ಅಂದ ತಕ್ಷಣ ಸಾಕು ಮಾಡಲ್ಲ. ಮುಳ್ಳು ಐವತ್ತಾರು ಮುಟ್ಟೋವಾಗ್ಲೇ ಮೇಲೆ ಬೂದಿ ಹೊದಿಸ್ಬೇಕು. ಮಿಕ್ಕ ನಾಲ್ಕನ್ನ ಬೂದಿಯೊಳಗಿನ ಕೆಂಡಾನೇ ತರುತ್ತೆ."

ಆದರೆ ಮುಳ್ಳಿದ್ದದ್ದು ಪಕ್ಕದ ಟ್ಯಾಂಕಿನ ಕೋಣೆಯಲ್ಲಿ, ಸಲಿಕೆ ಹಿಡಿದು ನಿಂತಲ್ಲಿಗೆ ಕಾಣುತ್ತಿರಲಿಲ್ಲ. ಬೂದಿ ಹೊದಿಸುವ ಹೊತ್ತು ಅವನಿಗೆ ಗೊತ್ತಾಗಬೇಕಾದರೆ ನಾವು ಹೇಳಬೇಕಿತ್ತು. ಎಲ್ಲರಿಗಿಂತ ಹೆಚ್ಚು ನೀರು ಸೆಳೆಯುವವರು ನಾವು. ಸೋಮವಾರ ವಾರದ ಬಟ್ಟೆಯೆಲ್ಲ ಬೀಳುತ್ತಿತ್ತು. ನಮ್ಮ ಒಗೆಯುವ ಮನೆಗೂ ಬಾಯ್ಲರ್ ಮನೆಗೂ ನಡುವೆ ಒಂದೇ ಪೈಪು. ಅದರ ಪಕ್ಕ ಒಂದು ಕಬ್ಬಿಣದ ಸೌಟು ತೂಗುಹಾಕಿತ್ತು. ನೀರು ಸೆಳೆಯಲು ಶುರು ಮಾಡುವಾಗ ಪೈಪಿನ ಮೇಲೆ ಎರಡು ಸಲ ತಟ್ಟಬೇಕು. ನಿಲ್ಲಿಸುವಾಗ ಮೂರು ಸಲ. ಆ ಕೆಲಸ ಮಾಪುಲೆಂಗ್‌ಳದು. ಸೌಟು ಅವಳ ತೊಟ್ಟಿಯ ಹತ್ತಿರವೇ ಇತ್ತು. ವಯಸ್ಸಿನಲ್ಲಿ ನಮ್ಮೆಲ್ಲರಿಗಿಂತ ಚಿಕ್ಕವಳು, ಬಾಯಿ ಮಾತ್ರ ಎಲ್ಲರಿಗಿಂತ ದೊಡ್ಡದು.

"ಏನಣ್ಣಾ, ನಿನ್ನ ಎತ್ತುಗಳು ಮೇಯಕ್ಕೆ ಹೋಗಿದಾವಾ?" ಅಂತ ಅವಳು ಕಿಟಕಿಯಿಂದ ಕೂಗುತ್ತಿದ್ದಳು. "ಈ ನೀರಲ್ಲಿ ಮೀನು ಸಾಕ್ಬಹುದು!"

"ನಿನ್ನ ಬಾಯಿ ಬಿಸಿ ಸಾಲದೇನೇ? ತೊಟ್ಟಿ ಮೇಲೆ ಬಗ್ಗಿ ಗಂಡನ್ನ ನಾಲ್ಕು ಬಯ್ಯಿ, ಕುದಿಯುತ್ತೆ!"

"ನನ್ನ ಗಂಡನ್ನ ಬಯ್ಯಕ್ಕೆ ಅವನು ಇಲ್ಲಿದ್ರೆ ತಾನೇ? ಗಣೀಲಿದಾನೆ. ನಿನ್ನನ್ನೇ ಬಯ್ತೀನಿ, ಬಾ."

ಏಳು ಚಳಿಗಾಲ ಹೀಗೆ ಕಳೆದವು. ದನ ಕಾಯ್ದರೆ ಇಷ್ಟೇ ಅಂತ ಡಾಕ್ಟರು ಹೇಳಿದ್ದಕ್ಕಿಂತ ಆರು ಹೆಚ್ಚು.

ಎಂಟನೆಯ ವರ್ಷ ಜೂನಿನಲ್ಲಿ ಮಚ್ಚೆ ಒಡೆಯಿತು. ಒಳಗಿನ ಕಬ್ಬಿಣ ಬಿರುಕು ಬಿಟ್ಟು ನೀರು ಕೆಂಡದ ಮೇಲೆ ಸುರಿದು ಬಾಯ್ಲರ್ ಮನೆಯೆಲ್ಲ ಹಬೆ. ಅದರ ಜಾಗಕ್ಕೆ ಹೊಸದು ಬಂತು. ಕಲ್ಲಿದ್ದಲಿನದಲ್ಲ, ಎಣ್ಣೆಯದು. ಮೈಗೆ ನೀಲಿ ಬಣ್ಣ, ಗೋಡೆಗೆ ಒಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೊಂದು ತಿರುಗಣೆ. ಮುಳ್ಳು ಎಷ್ಟಕ್ಕೆ ಇಳಿದರೆ ಹೊತ್ತಿಕೊಳ್ಳಬೇಕು ಅಂತ ತಿರುಗಣೆಯಲ್ಲಿ ಇಟ್ಟರೆ ತಾನಾಗಿ ಹೊತ್ತಿಕೊಳ್ಳುತ್ತದೆ, ಅರವತ್ತು ಮುಟ್ಟಿದರೆ ತಾನಾಗಿ ಆರುತ್ತದೆ. ಕೂಡಿಸಲು ಬಂದ ಕಂಪನಿಯವನಿಗೆ ಹಿಮ ಬೀಳುವ ಮುಂಚೆ ಘಾಟಿ ಇಳಿಯುವ ಆತುರ.

"ಯಾರು ಮೊದಲು, ಯಾರು ಆಮೇಲೆ ಅಂತ ನೀನೇ ಇಟ್ಕೊಳ್ಳಪ್ಪ. ಹಳೇವೆರಡರ ಗುಣ ನಿನಗೇ ಗೊತ್ತಿರೋದು" ಅಂದು ಲಾರಿ ಹತ್ತಿದ.

ಪೊಟ್ಲಾಕೊ ಅರ್ಧ ದಿನ ಯೋಚನೆ ಮಾಡಿದ. ನಾನು ಅವನಿಗೆ ಮೆಕ್ಕೆಜೋಳದ ಮುದ್ದೆ, ಸೊಪ್ಪು ಕೊಡಲು ಹೋದಾಗ ಹೊಸದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಇದು ಹೋರಿ ಅಕ್ಕ. ಪಳಗಿಲ್ಲ. ನೋಡು, ಎಷ್ಟು ಬೇಗ ನುಗ್ಗುತ್ತೆ!"

"ಹಾಗಾದ್ರೆ ಎಲ್ಲಿ ಕಟ್ತೀಯ?"

"ಮತ್ತೆಲ್ಲಿ? ನಡುವೆ. ಹೋರೀನ ಮುಂದೆ ಕಟ್ಟಿದ್ರೆ ಸಾಲು ಕೆಡಿಸುತ್ತೆ. ಹಿಂದೆ ಕಟ್ಟಿದ್ರೆ ನೇಗಿಲ ಭಾರಕ್ಕೆ ಹೆದರಿ ಕಾಲು ಮುರ್ಕೊಳ್ಳುತ್ತೆ. ಮುಂದೆ ದಾರಿ ಬಲ್ಲ ಕೆಂದ, ಹಿಂದೆ ಭಾರ ಬಲ್ಲ ಕರಿಯ. ನಡುವೆ ನಡೀತಾ ನಡೀತಾ ಕಲ್ಕೊಳ್ಳುತ್ತೆ."

ನನಗೆ ಅದು ಸರಿ ಅನಿಸಿತು. ನಮ್ಮ ಕಡೆ ಯಾರನ್ನು ಕೇಳಿದರೂ ಸರಿ ಅನ್ನುತ್ತಿದ್ದರು. ತಿರುಗಣೆಯನ್ನು ಅವನು ಐವತ್ತೈದಕ್ಕೆ ಇಟ್ಟ. ಐವತ್ತರಲ್ಲಿ ಏಳುವುದು ಕರಿಯನ ಪಾಲಿಗೇ ಉಳಿಯಿತು.

ಅಂದಿನಿಂದ ಮುಳ್ಳು ಒಂದು ಕಡೆ ನಿಲ್ಲಲಿಲ್ಲ. ಒಗೆತದ ದಿನ ಐವತ್ತಕ್ಕೆ ಇಳಿಯುವುದು, ಆಮೇಲೆ ಅರವತ್ತು ದಾಟಿ ಅರವತ್ತೈದು, ಒಮ್ಮೊಮ್ಮೆ ಅರವತ್ತೇಳು. ಹೊಸದು ಅರವತ್ತಕ್ಕೆ ಆರಿಬಿಡುತ್ತಿತ್ತು, ಅದರ ತಪ್ಪೇನೂ ಕಾಣುತ್ತಿರಲಿಲ್ಲ. ಆದರೆ ತಡವಾಗಿ ಎದ್ದ ಕರಿಯನಿಗೆ ಆಗ ತಾನೇ ಮೈ ಕಾದಿರುತ್ತಿತ್ತು. ಮೂರು ತಟ್ಟು ಕೇಳಿದ ಕೂಡಲೇ ಪೊಟ್ಲಾಕೊ ಅದರ ಮೇಲೆ ಬೂದಿ ಸುರಿದು, ಟ್ಯಾಂಕಿನ ಕೆಳಗಿನ ನಲ್ಲಿ ಬಿಟ್ಟು ಒಂದಷ್ಟು ಬಿಸಿನೀರನ್ನು ಚರಂಡಿಗೆ ಹರಿಸಿ ಹೇಗೋ ಸಂಭಾಳಿಸುತ್ತಿದ್ದ.

"ಹೋರಿ ಇನ್ನೂ ಪಳಗ್ಲಿಲ್ವಾ?" ಅಂತ ಮಾಪುಲೆಂಗ್ ಛೇಡಿಸಿದರೆ, "ನಿನ್ನನ್ನ ನಿಮ್ಮತ್ತೆ ಪಳಗಿಸೋಕೆ ಎಷ್ಟು ವರ್ಷ ಬೇಕಾಯ್ತು?" ಅಂತ ಕೇಳಿದ. ಅವಳು ನಕ್ಕು ಸೌಟಿನಿಂದ ಪೈಪನ್ನು ಸುಮ್ಮಸುಮ್ಮನೆ ಹತ್ತು ಸಲ ಬಡಿದಳು.

ಜುಲೈ ಎರಡನೆಯ ಸೋಮವಾರ. ಬೆಳಿಗ್ಗೆಯಿಂದ ಹಿಮ. ನಲ್ಲಿಗಳಿಗೆ ತಣ್ಣೀರು ತರುವ ಪೈಪುಗಳೆಲ್ಲ ಒಳಗೇ ಹೆಪ್ಪುಗಟ್ಟಿ ನಿಂತಿದ್ದವು, ಬಿಸಿನೀರೊಂದೇ ಬರುತ್ತಿತ್ತು. ನಾವು ಎರಡು ತಟ್ಟಿ ನಾಲ್ಕೂ ತೊಟ್ಟಿಗೆ ನೀರು ಬಿಟ್ಟುಕೊಂಡು ಒಗೆಯುತ್ತಿದ್ದೆವು. ಹತ್ತು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ಗಣಿಗೆ ಆಳು ಕಳಿಸುವ ಕಚೇರಿಯ ಗುಮಾಸ್ತ ಬಂದು ನಿಂತ. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಅವನು ಟೊಪ್ಪಿ ತೆಗೆದು ನಿಂತರೆ ಏನು ಅಂತ ನಮ್ಮ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಯಾರ ಮನೆ ಅನ್ನುವುದೊಂದೇ ಕೇಳುವುದು. ಅವನು ಮಾಪುಲೆಂಗ್‌ಳ ಮುಖ ನೋಡಿದ.

ಅವಳು ಕೈಯಲ್ಲಿದ್ದ ಹಾಸುಬಟ್ಟೆಯನ್ನು ಹಿಂಡುತ್ತಲೇ ಇದ್ದಳು.

ಗಂಡನನ್ನು ಕಳೆದುಕೊಂಡವಳನ್ನು ನಿಂತ ನಿಲುವಿನಲ್ಲಿ ಬಿಡಬಾರದು. ಕಂಬಳಿ ಹೊದಿಸಿ, ಹೆಂಗಸರೆಲ್ಲ ಸುತ್ತ ಹಿಡಿದು ಮನೆಗೆ ಕರೆದೊಯ್ದು, ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ಕೂರಿಸುವ ತನಕ ಜೊತೆಯಲ್ಲಿದ್ದವರು ಯಾರೂ ಕೈ ಬಿಡುವ ಹಾಗಿಲ್ಲ. ನಾವು ಮೂವರೂ ಕೈ ಒರೆಸಿಕೊಂಡೆವು. ನೀರು ಹಾಳಾಗಬಾರದು ಅಂತ ನಾನೇ ನಾಲ್ಕೂ ನಲ್ಲಿಗಳನ್ನು ಒಂದೊಂದಾಗಿ ಬಿಗಿಯಾಗಿ ತಿರುಗಿಸಿ ಬಂದೆ. ಮಾಪುಲೆಂಗ್‌ಳನ್ನು ನಡುವೆ ಹಿಡಿದುಕೊಂಡು ಹಿಮದಲ್ಲಿ ಇಳಿದೆವು.

ಮೂರು ತಟ್ಟು ಯಾರೂ ತಟ್ಟಲಿಲ್ಲ.

ಪೊಟ್ಲಾಕೊ ಬಾಯ್ಲರ್ ಮನೆಯಲ್ಲಿ ಕೆಮ್ಮು ಬಂದು ಗೋಡೆಗೆ ಒರಗಿ ಕೂತಿದ್ದನಂತೆ. ತಟ್ಟು ಕೇಳಿಸದ ತನಕ ಅವನ ಲೆಕ್ಕದಲ್ಲಿ ನಾವಿನ್ನೂ ನೀರು ಸೆಳೆಯುತ್ತಿದ್ದೆವು. ಎದ್ದು ಕರಿಯನ ಬಾಯಿಗೆ ಇನ್ನೂ ನಾಲ್ಕು ಸಲಿಕೆ ಹಾಕಿದ. ಆಮೇಲೆ ಟ್ಯಾಂಕಿನ ಕೋಣೆಗೆ ಹೋಗಿ ನೋಡುತ್ತಾನೆ, ಮುಳ್ಳು ಎಂಬತ್ತೆರಡರಲ್ಲಿತ್ತು.

ಅದೇ ಹೊತ್ತಿಗೆ ಬಾಣಂತಿಯರ ಕೋಣೆಯಲ್ಲಿ ಒಬ್ಬ ಅಜ್ಜಿ ಒಂಬತ್ತು ದಿನದ ಮೊಮ್ಮಗನಿಗೆ ಸ್ನಾನ ಮಾಡಿಸುತ್ತಿದ್ದಳು. ಥುಸೊ ಅಂತ ಹೆಸರಿಟ್ಟಿದ್ದರು. ಆ ಅಜ್ಜಿ ಅಜಾಗರೂಕಳಲ್ಲ. ಮೊಣಕೈ ಒಡ್ಡಿ ನೋಡಿದಳು, ಹದವಾಗಿತ್ತು. ಪೈಪಿನಲ್ಲಿ ಮೊದಲೇ ನಿಂತಿದ್ದ ನೀರು ಅದು. ಮಗುವನ್ನು ನಲ್ಲಿಯ ಕೆಳಗೆ ಹಿಡಿದಳು. ಅಷ್ಟರಲ್ಲಿ ಟ್ಯಾಂಕಿನ ನೀರು ಬಂದು ಮುಟ್ಟಿತು. ತನ್ನ ಎರಡು ತೋಳೂ ಬೆಂದರೂ ಅವಳು ಮಗುವನ್ನು ಕೈಬಿಡಲಿಲ್ಲ, ಎದೆಗವಚಿಕೊಂಡು ಹಿಂದಕ್ಕೆ ಬಿದ್ದಳು. ಮಗು ಮೂರನೆಯ ದಿನ ಹೋಯಿತು.

ಭಾನುವಾರ ಆಸ್ಪತ್ರೆಯ ದೊಡ್ಡ ಕೋಣೆಯಲ್ಲಿ ಸಭೆ ಕರೆದರು. ಡಾಕ್ಟರು, ಮೇಟ್ರನ್, ಊರ ಮುಖ್ಯಸ್ಥ, ಮಗುವಿನ ತಂದೆ. ಅಜ್ಜಿ ತೋಳಿಗೆ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿದ್ದಳು. ನಾವು ಒಗೆಯುವವರು ಗೋಡೆಗೆ ಒತ್ತಿ ನಿಂತೆವು, ಮಾಪುಲೆಂಗ್ ಒಬ್ಬಳನ್ನು ಬಿಟ್ಟು. ಅವಳು ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ಗಂಡನ ಹೆಣ ಇನ್ನೂ ಬಂದಿರಲಿಲ್ಲ.

ಮಗುವಿನ ತಂದೆ ಕೇಳಿದ್ದು ಒಂದೇ ಮಾತು. "ಇವನು ನಾಳೆಯಿಂದ ಈ ಗೇಟಿನೊಳಗೆ ಇರಬಾರದು. ಇವನಿದ್ರೆ ನಮ್ಮೂರ ಹೆಣ್ಣುಮಕ್ಕಳು ಹೆರಿಗೆಗೆ ಇಲ್ಲಿಗೆ ಬರಲ್ಲ."

ಡಾಕ್ಟರು ತಲೆ ತಗ್ಗಿಸಿದ್ದರು. ಈ ಚಳಿಯಲ್ಲಿ ಗೇಟಿನ ಹೊರಗೆ ಅಂದರೆ ಏನು ಅಂತ ಆ ಕೋಣೆಯಲ್ಲಿ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಪೊಟ್ಲಾಕೊಗೂ ಗೊತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ನಾವು ತಟ್ಟಲಿಲ್ಲ" ಅಂದೆ. "ಒಗೆಯೋದು ನಿಲ್ಸಿದಾಗ ಮೂರು ಸಲ ತಟ್ಟಬೇಕಿತ್ತು. ತಟ್ಟಲಿಲ್ಲ. ಅವನಿಗೆ ಹೇಗೆ ಗೊತ್ತಾಗ್ಬೇಕು?"

ಮೇಟ್ರನ್ ನನ್ನ ಕಡೆ ತಿರುಗಿ ಹೆಸರು ಹಿಡಿದು ಕೇಳಿದರು. "ತಟ್ಟೋ ಕೆಲಸ ಯಾರದು, ಮಾನೇಯೊ?"

ಅಲ್ಲಿಯ ತನಕ ನನಗೆ ಆ ಪ್ರಶ್ನೆ ಬರುತ್ತದೆ ಅಂತ ಹೊಳೆದೇ ಇರಲಿಲ್ಲ.

"ಯಾರದಾದ್ರೇನು ಅವ್ವಾ" ಅಂತ ಪೊಟ್ಲಾಕೊ ಎದ್ದುನಿಂತ. "ತಟ್ಟಿದ್ರೂ ಇದೇ ಆಗ್ತಿತ್ತು. ಹೊಸದನ್ನ ನಡುವೆ ಕಟ್ಟಿದೋನು ನಾನು. ಹಿಂದೆ ಕಟ್ಟಬೇಕಿತ್ತು. ಬೇಗ ಎದ್ದು ಬೇಗ ಮಲಗೋದು ಅದು. ಹಳೇವೆರಡು ನಿಧಾನಕ್ಕೆ ಎಳೀಬೇಕಿತ್ತು, ಕಡಿಮೆ ಬಿದ್ದಷ್ಟನ್ನ ಇದು ಕೊನೇಲಿ ತುಂಬಬೇಕಿತ್ತು. ಈ ಆರು ದಿನ ಮುಳ್ಳಿನ ಮುಂದೆ ಕೂತು ಅದನ್ನೇ ಯೋಚ್ನೆ ಮಾಡಿದೆ. ತಟ್ಟಿದ್ದು ಬಿಟ್ಟಿದ್ದು ಲೆಕ್ಕಕ್ಕೇ ಬರಲ್ಲ. ಈ ಹೆಂಗಸರನ್ನ ಕೇಳ್ಬೇಡಿ."

ಅಜ್ಜಿ ಮೂಲೆಯಿಂದ ಅವನನ್ನೇ ನೋಡಿದಳು. "ಎತ್ತು ಹೂಡಿದಂಗೆ ಹೂಡಿದ್ಯೇನಪ್ಪ?"

"ಹೌದವ್ವ."

"ನನ್ನ ಗಂಡನೂ ಹಂಗೇ ಹೂಡ್ತಿದ್ದ" ಅಂದಳು. ಮುಖ್ಯಸ್ಥ ಡಾಕ್ಟರ ಮುಖ ನೋಡಿ, ಅವನು ಹೋಗಲಿ ಅನ್ನುವ ಹಾಗೆ ತಲೆಯಾಡಿಸಿದ. ಸೋಮವಾರ ಬೆಳಿಗ್ಗೆ ಪೊಟ್ಲಾಕೊ ತನ್ನ ಕಂಬಳಿ, ಒಂದು ಪಾತ್ರೆ ಕಟ್ಟಿಕೊಂಡು ಗೇಟು ದಾಟಿದ. ಹೋಗುವ ಮುಂಚೆ ತಿರುಗಣೆಯನ್ನು ಐವತ್ತಕ್ಕೆ ಇಳಿಸಿ, ಕರಿಯನನ್ನು ಐವತ್ತೈದಕ್ಕೇ ಎಬ್ಬಿಸಬೇಕು ಅಂತ ತನ್ನ ಜಾಗಕ್ಕೆ ಬಂದ ಆಸ್ಪತ್ರೆಯ ತೋಟದ ಆಳಿಗೆ ಮೂರು ಸಲ ಹೇಳಿಕೊಟ್ಟು ಹೋದ. ಮುಳ್ಳು ಅರವತ್ತರಲ್ಲಿ ಬಂದು ಕೂತಿತು.

ಆಗಸ್ಟಿನಲ್ಲಿ ಕಂಪನಿಯವನು ಮತ್ತೆ ಬಂದ. ಪೆಟ್ಟಿಗೆ ಬಿಚ್ಚಿ, ಡಾಕ್ಟರಿಗೆ ಏನೇನೋ ಬರೆದುಕೊಟ್ಟು ಹೊರಗೆ ಬಂದವನನ್ನು ನಾನು ಬಟ್ಟೆಯ ಬುಟ್ಟಿ ಹಿಡಿದೇ ತಡೆದೆ.

"ಅಪ್ಪಾ, ಒಂದು ಮಾತು. ಅವತ್ತು ನಾವು ಪೈಪ್ ತಟ್ಟಿದ್ರೆ ಏನಾಗ್ತಿತ್ತು?"

ಅವನು ಯೋಚಿಸಿ ಹೇಳಿದ. ಸುಳ್ಳು ಹೇಳಲು ಅವನಿಗೆ ಯಾವ ಕಾರಣವೂ ಇರಲಿಲ್ಲ. "ಇಟ್ಟ ಸಾಲು ತಪ್ಪು, ಅದು ನಿಜ. ಸಾಲು ತಪ್ಪಿದ್ದಕ್ಕೆ ಎಪ್ಪತ್ತರ ತನಕ ಹೋಗ್ತಿತ್ತೇನೋ. ತಟ್ಟಿದ್ರೆ ಅವನು ಆಮೇಲೆ ಕಲ್ಲಿದ್ದಲು ಹಾಕ್ತಿರ್ಲಿಲ್ಲ, ನೀರು ಹೊರಕ್ಕೆ ಬಿಡ್ತಿದ್ದ. ಆ ಕೊನೇ ಕೋಣೆಗೆ ಮುಟ್ಟೋವಷ್ಟರಲ್ಲಿ ಎಪ್ಪತ್ತು ಐವತ್ತಾಗಿರ್ತಿತ್ತು. ಮಗು ಅಳ್ತಿತ್ತು, ಅಜ್ಜಿ ಕೈ ಹಿಂದಕ್ಕೆ ಎಳ್ಕೋತಿದ್ಲು."

"ಅಷ್ಟೇನಾ?"

"ಅಷ್ಟೆ."

ನಾನು ಬುಟ್ಟಿಯನ್ನು ಹೊತ್ತು ಒಳಗೆ ಬಂದೆ. ಮಾಪುಲೆಂಗ್ ಕಪ್ಪು ಬಟ್ಟೆ ತೊಟ್ಟು ಕೆಲಸಕ್ಕೆ ಬಂದು ಒಂದು ವಾರವಾಗಿತ್ತು. ತೊಟ್ಟಿಯ ಮುಂದೆ ನಿಂತು ಒಗೆಯುತ್ತಿದ್ದಳು. ಈಗ ಯಾರನ್ನೂ ಛೇಡಿಸುತ್ತಿರಲಿಲ್ಲ.

ಮಾರನೆಯ ದಿನ ನನಗೆ ರಜೆ. ಆಸ್ಪತ್ರೆಯ ಕಲ್ಲಿದ್ದಲಿನ ರಾಶಿಯಿಂದ ಅರ್ಧ ಚೀಲ ತುಂಬಿ, ಮೇಲೆ ಹಳೆಯ ಬಟ್ಟೆ ಮುಚ್ಚಿ, ತಲೆಯ ಮೇಲಿಟ್ಟುಕೊಂಡು ಪೊಟ್ಲಾಕೊನ ಹಳ್ಳಿಗೆ ಹತ್ತಿದೆ. ಎರಡು ಗಂಟೆಯ ದಾರಿ. ಅವನ ಹೆಂಡತಿ ಬಾಗಿಲು ತೆಗೆದಳು. ಒಳಗೆ ಬೆರಣಿಯ ಒಲೆ, ಕಣ್ಣು ಉರಿಯುವ ಹೊಗೆ, ಬಿಸಿ ಮಾತ್ರ ಇಲ್ಲ. ಅವನು ಗೋಡೆಗೆ ಒರಗಿ ಕೂತೇ ಇದ್ದ. ಮಲಗಿದರೆ ಉಸಿರು ಬರುವುದಿಲ್ಲವಂತೆ.

"ಸುಳ್ಳು ಹೇಳ್ದೆ ನೀನು" ಅಂದೆ, ಕೂರುವ ಮುಂಚೆಯೇ. "ಕಂಪನಿಯವನನ್ನ ಕೇಳ್ದೆ. ತಟ್ಟಿದ್ರೆ ಮಗು ಉಳೀತಿತ್ತು."

ಅವನು ಬಹಳ ಹೊತ್ತು ಕೆಮ್ಮಿದ. ಹೆಂಡತಿ ಬೆನ್ನು ನೀವಿದಳು.

"ನೀನ್ಯಾಕಕ್ಕ ಕೇಳಕ್ಕೆ ಹೋದೆ?"

"ನನಗೆ ಗೊತ್ತಾಗ್ಬೇಕಿತ್ತು."

"ಗೊತ್ತಾಯ್ತಲ್ಲ. ಈಗ ನೀನು ಹೊತ್ಕೊ." ಉಸಿರಿಗೆ ನಿಂತು ಮತ್ತೆ ಹೇಳಿದ. "ಗಂಡ ಸತ್ತ ಗಳಿಗೇಲಿ ಅವಳೊಂದು ಮಗೂನೂ ಕೊಂದ್ಲು ಅಂತ ಊರು ಆಡ್ಕೊಳ್ಳುತ್ತೆ. ಆಡ್ಕೊಳ್ದಿದ್ರೂ ಅವಳೇ ಅಂದ್ಕೋತಾಳೆ. ಆ ಸಾಲು ನಾನು ಹೂಡಿದ್ದು. ಸಾಲು ನೆಟ್ಟಗಿದ್ದಿದ್ರೆ ತಟ್ಟದಿದ್ರೂ ಇಷ್ಟು ಏರ್ತಿರ್ಲಿಲ್ಲ, ಅಲ್ವಾ? ಅದನ್ನ ಕೇಳಿದ್ಯಾ ಅವನನ್ನ?"

ಕೇಳಿರಲಿಲ್ಲ.

"ಹಂಗಾದ್ರೆ ಪೂರ್ತಿ ಸುಳ್ಳಲ್ಲ ಬಿಡು" ಅಂದ. "ಮಾಪುಲೆಂಗ್‌ಗೆ ಹೇಳ್ಬೇಡ."

ನಾನು ಚೀಲದ ಬಾಯಿ ಬಿಚ್ಚಿದೆ. ಒಂದು ಉಂಡೆ ತೆಗೆದು ಒಲೆಗೆ ಇಡಲು ಹೋದಾಗ ಅವನು ಕೈ ಚಾಚಿ ನನ್ನ ಮಣಿಕಟ್ಟು ಹಿಡಿದ. ಬೆರಳುಗಳು ಕಲ್ಲಿನ ಹಾಗೆ ತಣ್ಣಗಿದ್ದವು.

"ಎಲ್ಲಿಂದ ತಂದೆ?"

"ಎಲ್ಲಿಂದಾದ್ರೇನು?"

"ರಾಶಿ ಎಷ್ಟಿದೆ ಈಗ?"

"ಇದೆ. ಬೇಕಾದಷ್ಟಿದೆ."

"ಇಲ್ಲ. ಜೂನಲ್ಲಿ ಬಂದ ಲಾರಿ ಅದು, ಇನ್ನೊಂದು ಬರೋದು ಸೆಪ್ಟೆಂಬರಿಗೆ. ಕೊನೇ ವಾರ ಯಾವಾಗ್ಲೂ ಸಾಲದೇ ಬರುತ್ತೆ. ಮುಳ್ಳು ಇಳಿದ್ರೆ ನೀರಲ್ಲಿ ಎದೆರೋಗದ ಹುಳ ಹುಟ್ಟುತ್ತೆ ಅಂತ ಡಾಕ್ಟ್ರು ಹೇಳಿಲ್ವಾ?" ಅವನು ಕೈ ಬಿಡಲಿಲ್ಲ. "ತಗೊಂಡು ಹೋಗಕ್ಕ. ಇವತ್ತೇ."

"ನಿನ್ನ ಪ್ರಾಣಕ್ಕಿಂತ ಅರ್ಧ ಚೀಲ ಹೆಚ್ಚಾಯ್ತಾ?"

"ಇನ್ನೊಂದು ಮಗು ಹೋಗೋದು ಬೇಡ" ಅಂದ.

ಅವನ ಹೆಂಡತಿಯ ಮುಖ ನೋಡಿದೆ. ಅವಳು ಬಗ್ಗಿ ನನ್ನ ಕೈಯಿಂದ ಆ ಉಂಡೆ ತೆಗೆದುಕೊಂಡು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ನನ್ನ ತಲೆಯ ಮೇಲೆ ಎತ್ತಿಟ್ಟಳು. ಇಳಿಜಾರಿನಲ್ಲಿ ಭಾರ ಹತ್ತುವಾಗಿನದಕ್ಕಿಂತ ಹೆಚ್ಚಾಗಿತ್ತು. ಕತ್ತಲಾಗುವ ಮುಂಚೆ ಆಸ್ಪತ್ರೆ ಮುಟ್ಟಿ ಚೀಲವನ್ನು ರಾಶಿಯ ಮೇಲೆ ಸುರಿದೆ. ತೋಟದ ಆಳು ಬಾಗಿಲಿಂದ ಇಣುಕಿ, "ಏನಕ್ಕಾ, ಕಲ್ಲಿದ್ದಲು ಕೊಡೋಕ್ ಬಂದ್ಯಾ?" ಅಂತ ನಕ್ಕ. ಹೌದು ಅಂದೆ.

ಪೊಟ್ಲಾಕೊ ಆ ಶುಕ್ರವಾರ ಕೂತಲ್ಲೇ ಹೋದ. ಮೂವತ್ತೊಂದು ವರ್ಷವಾಯಿತು. ಮಾಪುಲೆಂಗ್ ಹೋದ ತಿಂಗಳು ತೀರಿಕೊಂಡಳು, ಅವತ್ತು ತಟ್ಟಿದ್ದರೆ ಮಗು ಉಳಿಯುತ್ತಿತ್ತು ಅಂತ ತಿಳಿಯದೆಯೇ ಹೋದಳು. ಅದಕ್ಕೇ ಈಗ ಬರೆದೆ.